ಟಿಲ್ಲರ್ ಎಂಬ ತಕ್ಕಡಿಮುಳ್ಳು: ಗಾಳಿಗೆದುರಾಗಿ ಸಾಗುವ ಪುಟ್ಟ ಯಾಟಿನಲ್ಲಿ ಚುಕ್ಕಾಣಿ ಮತ್ತು ಹಾಯಿಯ ಸಮತೋಲ

ಹಾಯಿದೋಣಿ ನಡೆಸಲು ಕಲಿತ ಮೊದಲ ವರ್ಷವಿಡೀ ನನ್ನ ಭುಜ ನೋಯುತ್ತಿತ್ತು. ಏಳು ಮೀಟರ್ ಉದ್ದದ ಆ ಯಾಟ್ ಗಾಳಿಗೆದುರಾಗಿ ಹೊರಟಿತೆಂದರೆ ಮೂಗುದಾರ ಕಿತ್ತುಕೊಳ್ಳಲು ನೋಡುವ ಹೋರಿಯಂತೆ ಗಾಳಿಯ ಕಡೆಗೇ ಮೂತಿ ಎಳೆಯುತ್ತಿತ್ತು. ನಾನು ಚುಕ್ಕಾಣಿ ತಿರುಗಿಸುವ ಹಿಡಿಕೋಲಾದ ಟಿಲ್ಲರನ್ನು ಎದೆಗವಚಿಕೊಂಡು, ಕಾಲು ಕೊಟ್ಟು, ಹಲ್ಲು ಕಚ್ಚಿ ಕುಳಿತಿರುತ್ತಿದ್ದೆ. ದೋಣಿಯಲ್ಲೇ ಏನೋ ಐಬಿದೆ ಎಂದು ಬಲವಾಗಿ ನಂಬಿದ್ದೆ. ಒಂದು ದಿನ ಜೊತೆಗಿದ್ದ ಹಿರಿಯ ನಾವಿಕರೊಬ್ಬರು ಏನೂ ಹೇಳದೆ ಕೈ ಚಾಚಿ, ದೊಡ್ಡ ಹಾಯಿಯನ್ನು ಅಡ್ಡಹಳಿಯ ಮೇಲೆ ಅತ್ತಿತ್ತ ಸರಿಸುವ ಟ್ರಾವೆಲರನ್ನು ಒಂದು ಗೇಣಿನಷ್ಟು ಕೆಳಬದಿಗೆ, ಅಂದರೆ ಗಾಳಿಯಿಂದಾಚೆಯ ಬದಿಗೆ, ಜಾರಿಸಿದರು. ವಾಲಿದ್ದ ದೋಣಿ ನೆಟ್ಟಗಾಯಿತು, ಟಿಲ್ಲರ್ ಹಗುರಾಯಿತು, ವೇಗ ಇಳಿಯುವ ಬದಲು ಅರ್ಧ ನಾಟ್, ಅಂದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್, ಏರಿತು. ಐಬು ಇದ್ದದ್ದು ದೋಣಿಯಲ್ಲಲ್ಲ.

ಗಾಳಿಗೆದುರಾಗಿ ಸಾಗುವಾಗ ದೋಣಿಯ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಹಾಯಿಗಳು. ಟಿಲ್ಲರ್ ತಕ್ಕಡಿಯ ಮುಳ್ಳಿದ್ದಂತೆ: ಎರಡು ತಟ್ಟೆಗಳ ಭಾರ ಸಮವಾಗಿದೆಯೇ ಎಂದು ಅದು ತೋರಿಸುತ್ತದೆ. ಮುಳ್ಳನ್ನು ಬೆರಳಿನಿಂದ ನಡುವಿಗೆ ಒತ್ತಿ ಹಿಡಿದು ತೂಕ ಸರಿಯಾಯಿತು ಎನ್ನುವವರನ್ನು ಯಾರೂ ನಂಬುವುದಿಲ್ಲ. ನಾನು ಒಂದು ವರ್ಷ ಮಾಡಿದ್ದು ಅದನ್ನೇ.

ದೋಣಿ ಗಾಳಿಯ ಕಡೆಗೇ ಏಕೆ ತಿರುಗುತ್ತದೆ

ದೊಡ್ಡ ಹಾಯಿ ಮತ್ತು ಅದರ ಮುಂದಿರುವ ಹಾಯಿಯಾದ ಜಿಬ್, ಈ ಎರಡರ ಮೇಲೆ ಬೀಳುವ ಗಾಳಿಯ ಬಲವೆಲ್ಲ ಒಂದೇ ಬಿಂದುವಿನಲ್ಲಿ ಕೂಡಿದೆ ಎಂದುಕೊಳ್ಳಿ. ದೋಣಿ ಅಡ್ಡಡ್ಡ ಜಾರದಂತೆ ತಡೆಯುವ ನೀರಿನ ಬಲವೂ ಹಾಗೆಯೇ ಕೆಳಗೆ, ಒಡಲಿನಡಿ ನೀರಿಗೆ ಚಾಚಿರುವ ಭಾರದ ಹಲಗೆಯಾದ ಕೀಲಿನ ಆಸುಪಾಸಿನ ಒಂದು ಬಿಂದುವಿನಲ್ಲಿ ಕೂಡುತ್ತದೆ. ಮೇಲಿನ ಬಿಂದು ಕೆಳಗಿನದಕ್ಕಿಂತ ಹಿಂದೆ ಸರಿದರೆ ಗಾಳಿ ದೋಣಿಯ ಹಿಂಬದಿಯನ್ನು ತಳ್ಳುತ್ತದೆ, ಮೂತಿ ಗಾಳಿಯತ್ತ ತಿರುಗುತ್ತದೆ. ಇದೇ ವೆದರ್ ಹೆಲ್ಮ್. ಮುಂದೆ ಸರಿದರೆ ಮೂತಿ ಗಾಳಿಯಿಂದ ದೂರ ಹೊರಳುತ್ತದೆ. ಅದು ಲೀ ಹೆಲ್ಮ್. ದೊಡ್ಡ ಹಾಯಿ ಬಿಗಿದಷ್ಟೂ ಬಲದ ಬಿಂದು ಹಿಂದಕ್ಕೆ ಹೋಗುತ್ತದೆ, ಜಿಬ್ ಬಿಗಿದಷ್ಟೂ ಮುಂದಕ್ಕೆ ಬರುತ್ತದೆ.

ಪುಸ್ತಕದ ಚಿತ್ರಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ ಅನುಭವದಲ್ಲಿ ಇದಕ್ಕಿಂತ ದೊಡ್ಡ ಕಾರಣ ವಾಲುವಿಕೆ. ನೆಟ್ಟಗೆ ನಿಂತ ದೋಣಿಯಲ್ಲಿ ಹಾಯಿಯ ಮುನ್ನೂಕುವ ಬಲ ಹೆಚ್ಚುಕಡಿಮೆ ದೋಣಿಯ ನೇರಕ್ಕೇ ಇರುತ್ತದೆ. ದೋಣಿ ವಾಲಿದೊಡನೆ ಹಾಯಿ ನೀರಿನ ಮೇಲೆ ಹೊರಕ್ಕೆ ಚಾಚಿಕೊಳ್ಳುತ್ತದೆ. ಆಗ ಮುನ್ನೂಕುವ ಬಲ ಕೆಲಸ ಮಾಡುವುದು ಒಡಲಿನಿಂದ ಒಂದೆರಡು ಮೀಟರ್ ಆಚೆ. ತಳ್ಳುಗಾಡಿಯನ್ನು ಒಂದೇ ಬದಿಯಲ್ಲಿ ಹಿಡಿದು ನೂಕಿದರೆ ಅದು ಇನ್ನೊಂದು ಬದಿಗೆ ತಿರುಗುವುದಿಲ್ಲವೇ, ಹಾಗೆಯೇ ದೋಣಿ ಗಾಳಿಯತ್ತ ತಿರುಗುತ್ತದೆ. ಇದರ ಜೊತೆಗೆ ವಾಲಿದ ಒಡಲಿನ ನೀರಿನೊಳಗಿನ ಆಕಾರ ಎರಡು ಬದಿಗೂ ಒಂದೇ ಆಗಿರುವುದಿಲ್ಲ. ಆ ಸೊಟ್ಟ ಆಕಾರವೂ ಅದೇ ಕಡೆಗೆ ತಿರುಗಿಸುತ್ತದೆ.

ಹಾಗಾಗಿ ಟಿಲ್ಲರ್ ಭಾರವಾದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ದೋಣಿ ಎಷ್ಟು ವಾಲಿದೆ? ಕೀಲ್ ಇರುವ ಪುಟ್ಟ ಯಾಟುಗಳಲ್ಲಿ ಹೆಚ್ಚಿನವು 15ರಿಂದ 20 ಡಿಗ್ರಿಯ ಒಳಗೆ ಚೆನ್ನಾಗಿ ಓಡುತ್ತವೆ. 25 ದಾಟಿದರೆ ನೋಡಲು ರೋಮಾಂಚನ, ಓಟ ಮಾತ್ರ ನಿಧಾನ. ವಾಲುವಿಕೆ ಅಳೆಯುವ ಸಾಧನ ಇಲ್ಲದಿದ್ದರೆ ಮೊಬೈಲಿನಲ್ಲಿರುವ ಮಟ್ಟ ನೋಡುವ ಆ್ಯಪ್ ಸಾಕು. ಒಂದೆರಡು ದಿನ ಅಂಕಿ ನೋಡಿ ಅಂದಾಜು ಮಾಡಿದರೆ ಮುಂದೆ ಕಣ್ಣೇ ಹೇಳುತ್ತದೆ.

ಹೊರಡುವ ಮುನ್ನ: ಟಿಲ್ಲರಿಗೊಂದು ಅಳತೆಪಟ್ಟಿ

ಕೈಗೆ ಭಾರವೆನಿಸುವುದು ಬೇರೆ, ಚುಕ್ಕಾಣಿ ನಿಜಕ್ಕೂ ಎಷ್ಟು ಓರೆಯಾಗಿದೆ ಎಂಬುದು ಬೇರೆ. ಕೆಲವು ದೋಣಿಗಳಲ್ಲಿ ಚುಕ್ಕಾಣಿ ಹಲಗೆಯ ಒಂದು ಭಾಗ ಅದರ ಅಕ್ಷಕ್ಕಿಂತ ಮುಂದಿರುತ್ತದೆ. ಅಲ್ಲಿ ಹತ್ತು ಡಿಗ್ರಿ ಓರೆಯಾಗಿದ್ದರೂ ಟಿಲ್ಲರ್ ಹಗುರವಾಗಿಯೇ ಇರುತ್ತದೆ, ಕೈ ಮೋಸಹೋಗುತ್ತದೆ. ಆದ್ದರಿಂದ ಕೈಯನ್ನು ನಂಬುವ ಮೊದಲು ಒಮ್ಮೆ ಅಳೆದುಬಿಡಿ.

ದೋಣಿ ಕಟ್ಟೆಯಲ್ಲಿದ್ದಾಗ ಚುಕ್ಕಾಣಿ ಹಲಗೆಯನ್ನು ದೋಣಿಯ ನೇರಕ್ಕೆ ತನ್ನಿ. ಟಿಲ್ಲರಿನ ತುದಿ ಎಲ್ಲಿದೆಯೋ ಅದರ ಕೆಳಗೆ, ನಾವು ಕೂರುವ ತಗ್ಗಾದ ಕಾಕ್‌ಪಿಟ್‌ನ ನೆಲಕ್ಕೋ ಅಡ್ಡಪಟ್ಟಿಗೋ ಒಂದು ತುಂಡು ಬಣ್ಣದ ಟೇಪ್ ಅಂಟಿಸಿ. ಅಕ್ಷದಿಂದ ತುದಿಯವರೆಗೆ ಟಿಲ್ಲರ್ ಒಂದು ಮೀಟರ್ ಉದ್ದವಿದ್ದರೆ ಪ್ರತಿ ಡಿಗ್ರಿಗೂ ತುದಿ ಸುಮಾರು 1.75 ಸೆಂಟಿಮೀಟರ್ ಸರಿಯುತ್ತದೆ. ಅಂದರೆ 3 ಡಿಗ್ರಿಗೆ ಸುಮಾರು 5 ಸೆಂಟಿಮೀಟರ್, 5 ಡಿಗ್ರಿಗೆ 9, 10 ಡಿಗ್ರಿಗೆ ಹದಿನೇಳೂವರೆ. ಟಿಲ್ಲರ್ ಚಿಕ್ಕದಿದ್ದರೆ ಅದೇ ಪ್ರಮಾಣದಲ್ಲಿ ಇಳಿಸಿಕೊಳ್ಳಿ. ನಡುಗೆರೆಯ ಎರಡೂ ಬದಿಗೆ 3, 5 ಮತ್ತು 10 ಡಿಗ್ರಿಗೆ ಒಂದೊಂದು ಗುರುತು ಹಾಕಿ. ಚಕ್ರವಿರುವ ದೋಣಿಯಲ್ಲಿ ಚುಕ್ಕಾಣಿ ನೇರವಿದ್ದಾಗ ಮೇಲ್ಗಡೆ ಬರುವ ಕಡ್ಡಿಗೆ ದಾರ ಸುತ್ತಿ ಗುರುತು ಮಾಡಿದರಾಯಿತು.

ನಮಗೆ ಬೇಕಾದದ್ದು 3ರಿಂದ 5 ಡಿಗ್ರಿ ವೆದರ್ ಹೆಲ್ಮ್. ಸೊನ್ನೆ ಏಕಲ್ಲ? ಗಾಳಿಗೆದುರಾಗಿ ಸಾಗುವ ದೋಣಿ ಯಾವಾಗಲೂ ಒಂದಿಷ್ಟು ಅಡ್ಡಕ್ಕೆ ಜಾರುತ್ತಿರುತ್ತದೆ. ಚುಕ್ಕಾಣಿ ಹಲಗೆ ಕೊಂಚ ಓರೆಯಾಗಿದ್ದರೆ ಕೀಲಿನ ಜೊತೆ ಅದೂ ಹೆಗಲು ಕೊಟ್ಟು ಆ ಜಾರುವಿಕೆಯನ್ನು ತಡೆಯುತ್ತದೆ. ಅಲ್ಲದೆ ಕೈಗೆ ಸಣ್ಣದೊಂದು ಎಳೆತ ಸಿಕ್ಕರೆ ದೋಣಿಯ ಮನಸ್ಸು ತಿಳಿಯುತ್ತದೆ. ಸೊನ್ನೆಯಲ್ಲಿ ಕೈಗೆ ಏನೂ ತಿಳಿಯುವುದಿಲ್ಲ, ದೋಣಿ ಕುಡಿದವನಂತೆ ಅತ್ತಿತ್ತ ಅಲೆಯುತ್ತದೆ. ಏಳೆಂಟು ಡಿಗ್ರಿ ದಾಟಿತೆಂದರೆ ಹಲಗೆ ನೀರಿಗೆ ಅಡ್ಡ ನಿಂತ ಬಾಗಿಲಾಗುತ್ತದೆ. ಆಗ ಚುಕ್ಕಾಣಿಯ ಹಿಂದೆ ನೀರು ಕಲಕಿ ನೊರೆಯ ಬಾಲ ಏಳುತ್ತದೆ. ಹಿಂತಿರುಗಿ ನೋಡಿದರೆ ನಿಮ್ಮ ವೇಗ ಸೋರಿಹೋಗುವುದು ಕಣ್ಣಿಗೇ ಕಾಣುತ್ತದೆ.

ಮೊದಲು ಜಿಬ್

ಕಲಿಯಲು ಎಂಟರಿಂದ ಹನ್ನೆರಡು ನಾಟ್ ಗಾಳಿಯ ದಿನವನ್ನು ಆರಿಸಿಕೊಳ್ಳಿ. ನಿಜವಾದ ಗಾಳಿಗೆ ಸುಮಾರು 45 ಡಿಗ್ರಿ ಓರೆಯಲ್ಲಿ ದೋಣಿ ಸಾಗಿಸಿ. ದೋಣಿ ಓಡತೊಡಗಿದ ಮೇಲೆ ನಿಮಗೆ ತಾಗುವ ಗಾಳಿಯೇ ಬದಲಾಗುತ್ತದೆ ಎಂಬುದು ನೆನಪಿರಲಿ: 10 ನಾಟ್ ಗಾಳಿಯಲ್ಲಿ 5 ನಾಟ್ ವೇಗದಲ್ಲಿ ಸಾಗಿದರೆ ಮುಖಕ್ಕೆ ಬಡಿಯುವುದು 14 ನಾಟ್, ಅದೂ ಮೂತಿಯಿಂದ 30 ಡಿಗ್ರಿಯಲ್ಲಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಹತ್ತು ಹದಿನಾಲ್ಕಾದಾಗ ಬಲ ಬಹುತೇಕ ಇಮ್ಮಡಿ. ಬೆನ್ನಹಿಂದಿನ ಗಾಳಿಯಲ್ಲಿ ಸಾಧುವಾಗಿದ್ದ ದೋಣಿ ಎದುರು ತಿರುಗಿದೊಡನೆ ರೊಚ್ಚಿಗೇಳುವುದು ಇದಕ್ಕೇ.

ಜಿಬ್ಬಿನ ಮುಂದಣ ಅಂಚಿನ ಹಿಂದೆ ಎರಡೂ ಬದಿಗೆ ಅಂಟಿಸಿರುವ ಉಣ್ಣೆಯ ಎಳೆಗಳು, ಅಂದರೆ ಟೆಲ್‌ಟೇಲ್‌ಗಳು, ಇಲ್ಲಿ ನಿಮ್ಮ ಗುರು. ಎರಡೂ ಎಳೆ ನೆಟ್ಟಗೆ ಹಿಂದಕ್ಕೆ ಹರಿಯುತ್ತಿದ್ದರೆ ಎಲ್ಲ ಸರಿಯಿದೆ. ಗಾಳಿಬದಿಯ ಎಳೆ ಕುಣಿದರೆ ನೀವು ಗಾಳಿಗೆ ತೀರ ಹತ್ತಿರ ಹೋಗಿದ್ದೀರಿ, ಇಲ್ಲವೇ ಜಿಬ್ ಸಡಿಲಾಗಿದೆ. ಆಚೆ ಬದಿಯ ಎಳೆ ಸೊರಗಿ ಒದ್ದಾಡಿದರೆ ತೀರ ಕೆಳಗೆ, ಅಂದರೆ ಗಾಳಿಯಿಂದ ದೂರಕ್ಕೆ, ಹೊರಳಿದ್ದೀರಿ, ಇಲ್ಲವೇ ಜಿಬ್ ಅತಿಯಾಗಿ ಬಿಗಿದಿದೆ. ಚುಕ್ಕಾಣಿಯಿಂದ ಸರಿಪಡಿಸುವುದಾದರೆ ಸೂತ್ರ ಸರಳ: ಯಾವ ಬದಿಯ ಎಳೆ ಕುಣಿಯುತ್ತಿದೆಯೋ ಆ ಬದಿಗೆ ಟಿಲ್ಲರ್ ಸರಿಸಿ.

ಮೇಲೆ, ನಡುವೆ, ಕೆಳಗೆ ಮೂರು ಜೊತೆ ಎಳೆಗಳಿದ್ದರೆ ಇನ್ನೊಂದು ಪರೀಕ್ಷೆ ಮಾಡಬೇಕು. ದೋಣಿಯನ್ನು ಬಹಳ ನಿಧಾನವಾಗಿ ಗಾಳಿಯತ್ತ ಏರಿಸುತ್ತ ಹೋಗಿ. ಗಾಳಿಬದಿಯ ಮೂರೂ ಎಳೆ ಒಟ್ಟಿಗೆ ಕುಣಿಯಬೇಕು. ಮೇಲಿನದು ಮೊದಲು ಕುಣಿದರೆ ಹಾಯಿಯ ತಲೆ ಅತಿಯಾಗಿ ತೆರೆದುಕೊಂಡಿದೆ. ಹಾಯಿಯನ್ನು ಎಳೆದು ಬಿಗಿಯುವ ಶೀಟ್ ಹಗ್ಗ ಹಾದುಹೋಗುವ ಕಾರನ್ನು, ಅಂದರೆ ಜಾರುವ ರಾಟೆಯನ್ನು, ಹಳಿಯ ಮೇಲೆ ಮುಂದಕ್ಕೆ ಸರಿಸಿ. ಕೆಳಗಿನದು ಮೊದಲು ಕುಣಿದರೆ ಕಾರನ್ನು ಹಿಂದಕ್ಕೆ ಸರಿಸಿ. ಭಾರ ಬಿದ್ದಿರುವ ಕಾರನ್ನು ಸರಿಸಲು ಹೋಗಿ ಬೆರಳು ಜಜ್ಜಿಕೊಂಡವರಿದ್ದಾರೆ. ಕೆಲಸಕ್ಕಿಲ್ಲದ ಬದಿಯ ಕಾರನ್ನು ಸರಿಸಿಟ್ಟು, ಟ್ಯಾಕ್ ಮಾಡಿ, ಅಂದರೆ ಮೂತಿಯನ್ನು ಗಾಳಿಗೆದುರಾಗಿ ದಾಟಿಸಿ ಗಾಳಿ ಇನ್ನೊಂದು ಬದಿಗೆ ತಾಗುವಂತೆ ತಿರುಗಿಸಿ, ನೋಡುವುದು ಲೇಸು.

ಈ ಕೆಲಸದಲ್ಲಿ ಕಣ್ಣೆಲ್ಲ ಎಳೆಗಳ ಮೇಲೆ ನೆಟ್ಟಿರುವುದರಿಂದ ಆಗಾಗ ಜಿಬ್ಬಿನ ಕೆಳಗೆ ಬಗ್ಗಿ ಆಚೆ ನೋಡಿ. ಹಾಯಿಯ ಮರೆಯಲ್ಲಿ ಇನ್ನೊಂದು ದೋಣಿ ಬರುತ್ತಿರಬಹುದು. ಎರಡು ಹಾಯಿದೋಣಿಗಳು ಎದುರಾದಾಗ, ಎಡಬದಿಗೆ ಗಾಳಿ ತಾಗುತ್ತಿರುವ ದೋಣಿ ಬಲಬದಿಗೆ ತಾಗುತ್ತಿರುವುದಕ್ಕೆ ದಾರಿ ಬಿಡಬೇಕು.

ಆಮೇಲೆ ದೊಡ್ಡ ಹಾಯಿ

ದೊಡ್ಡ ಹಾಯಿಗೆ ಕೆಲಸ ಎರಡು: ಅದು ದೋಣಿಯನ್ನು ನೂಕುತ್ತದೆ, ಜೊತೆಗೆ ತಿರುಗಿಸುತ್ತದೆ. ಅದರ ಹಿಂದಣ ಅಂಚು ದೋಣಿಯ ಮಟ್ಟಿಗೆ ಗಾಳಿಯಲ್ಲಿ ನಿಂತ ಎರಡನೆಯ ಚುಕ್ಕಾಣಿ ಎಂದುಕೊಳ್ಳಿ. ಅಂಚು ಬಿಗಿದರೆ ಹಿಂಬದಿ ಆಚೆ ಸರಿದು ಮೂತಿ ಗಾಳಿಯತ್ತ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ.

ಟ್ರಾವೆಲರನ್ನು ಗಾಳಿಬದಿಗೆ ಎಳೆದು, ಹಾಯಿಯ ಕೆಳಅಂಚನ್ನು ಹಿಡಿದಿರುವ ಅಡ್ಡಕೋಲಾದ ಬೂಮ್ ಹೆಚ್ಚುಕಡಿಮೆ ದೋಣಿಯ ನಡುಗೆರೆಯ ಮೇಲೆ ಬರುವಂತೆ ನಿಲ್ಲಿಸಿ. ನಂತರ ದೊಡ್ಡ ಹಾಯಿಯ ಶೀಟ್ ಹಗ್ಗವಾದ ಮೇನ್‌ಶೀಟ್ ಎಳೆಯುತ್ತ ಹೋಗಿ. ಶೀಟ್ ಈ ಹಂತದಲ್ಲಿ ಬೂಮನ್ನು ಒಳಕ್ಕೆ ತರುವುದಕ್ಕಿಂತ ಕೆಳಕ್ಕೆ ಎಳೆಯುತ್ತದೆ. ಅದರಿಂದ ಹಾಯಿಯ ತಿರುಚು, ಅಂದರೆ ತಲೆ ಬುಡಕ್ಕಿಂತ ಹೊರಕ್ಕೆ ತೆರೆದುಕೊಳ್ಳುವುದು, ಕಡಿಮೆಯಾಗುತ್ತದೆ. ಎಷ್ಟು ಎಳೆಯಬೇಕು? ಬೂಮಿನ ಕೆಳಗೆ ಕುಳಿತು ಮೇಲೆ ನೋಡಿ. ಹಾಯಿಯ ಅತಿ ಮೇಲಿನ ಬ್ಯಾಟನ್ ಪಟ್ಟಿ ಬೂಮಿಗೆ ಸಮಾನಾಂತರವಾಗಿ ಕಂಡರೆ ಸಾಕು. ಆ ಬ್ಯಾಟನ್ನಿನ ತುದಿಯಲ್ಲಿ ಕಟ್ಟಿರುವ ರಿಬ್ಬನ್ ಹೆಚ್ಚು ಹೊತ್ತು ಹಿಂದಕ್ಕೆ ಹಾರುತ್ತ, ಆಗೊಮ್ಮೆ ಈಗೊಮ್ಮೆ ಹಾಯಿಯ ಹಿಂದೆ ಅಡಗುತ್ತಿರಬೇಕು. ಸದಾ ಅಡಗಿಯೇ ಇದ್ದರೆ ಅಂಚು ಉಸಿರುಗಟ್ಟಿದೆ, ಶೀಟ್ ಸ್ವಲ್ಪ ಬಿಡಿ. ಸದಾ ಹಾರುತ್ತಿದ್ದರೆ ಇನ್ನೂ ಕೊಂಚ ಎಳೆಯಬಹುದು.

ಇಲ್ಲಿ ಶೀಟಿನದೂ ಟ್ರಾವೆಲರಿನದೂ ಬೇರೆ ಬೇರೆ ಕೆಲಸ ಎಂಬುದು ತಲೆಗೆ ಹೋಗಲು ನನಗೆ ಬಹಳ ಕಾಲ ಹಿಡಿಯಿತು. ಶೀಟ್ ಹಾಯಿಯ ಆಕಾರವನ್ನು ಕೂರಿಸುತ್ತದೆ. ಟ್ರಾವೆಲರ್ ಆ ಆಕಾರವನ್ನು ಕೆಡಿಸದೆ ಇಡೀ ಹಾಯಿಯನ್ನು ಒಳಗೆ ಹೊರಗೆ ಸರಿಸುತ್ತದೆ. ಟಿಲ್ಲರಿನ ಭಾರ ಇಳಿಸಲು ಮೊದಲು ಕೈ ಹೋಗಬೇಕಾದದ್ದು ಟ್ರಾವೆಲರಿಗೆ. ನಿಮ್ಮ ದೋಣಿಯಲ್ಲಿ ಟ್ರಾವೆಲರೇ ಇಲ್ಲದಿದ್ದರೆ ಬೂಮನ್ನು ಕೆಳಕ್ಕೆ ಹಿಡಿಯುವ ವ್ಯಾಂಗ್ ಬಿಗಿದು ಅಂಚನ್ನು ಕಾಯ್ದುಕೊಂಡು, ಶೀಟಿನಿಂದಲೇ ಒಳಹೊರಗೆ ಆಡಿಸಬೇಕು.

ಈಗ ಟಿಲ್ಲರ್ ಏನನ್ನುತ್ತದೆ

ಎರಡೂ ಹಾಯಿ ಕೂತ ಮೇಲೆ ಟಿಲ್ಲರನ್ನು ಎರಡೇ ಬೆರಳಲ್ಲಿ ಹಿಡಿದು ಒಂದು ನಿಮಿಷ ನೇರ ಸಾಗಿ. ತುದಿ ಯಾವ ಗುರುತಿನ ಮೇಲಿದೆ ನೋಡಿ. ಬಳಿಕ, ಸುತ್ತ ದೋಣಿಗಳಿಲ್ಲವೆಂದು ಖಚಿತ ಮಾಡಿಕೊಂಡು, ಕೈ ಬಿಡಿ. ಸಮತೋಲದಲ್ಲಿರುವ ದೋಣಿ ಮೂರು ನಾಲ್ಕು ಕ್ಷಣ ಯೋಚಿಸಿದಂತೆ ನೇರ ಸಾಗಿ, ಆಮೇಲೆ ಮೆಲ್ಲಗೆ ಗಾಳಿಯತ್ತ ಏರುತ್ತದೆ. ಬಿಟ್ಟೊಡನೆ ಗಿರಕಿ ಹೊಡೆದರೆ ವೆದರ್ ಹೆಲ್ಮ್ ಅತಿಯಾಗಿದೆ. ಕೆಳಕ್ಕೆ ಹೊರಳಿದರೆ ಲೀ ಹೆಲ್ಮ್.

ಇನ್ನು ತಿದ್ದುವ ಕೆಲಸ. ಒಂದು ಸಲಕ್ಕೆ ಒಂದೇ ಹಗ್ಗ ಮುಟ್ಟಿ, ದೋಣಿಗೆ ಅರ್ಧ ನಿಮಿಷ ಸಮಯ ಕೊಡಿ, ಗುರುತು ನೋಡಿ, ಮುಂದಿನದಕ್ಕೆ ಹೋಗಿ. ಎರಡು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತೆಂದು ಎಂದೂ ತಿಳಿಯುವುದಿಲ್ಲ.

ಟಿಲ್ಲರ್ 5 ಡಿಗ್ರಿ ಗುರುತಿನಾಚೆ ಇದ್ದರೆ ನಾನು ಹೋಗುವ ಕ್ರಮ ಇದು. ಎಲ್ಲರನ್ನೂ ಗಾಳಿಬದಿಯ ಅಂಚಿಗೆ ಕೂರಿಸುತ್ತೇನೆ. ಮನುಷ್ಯರ ತೂಕ ಪುಟ್ಟ ದೋಣಿಯಲ್ಲಿ ಪುಕ್ಕಟೆ ಸಿಗುವ ಕೀಲು. ಮೂತಿಯ ಬಳಿ ಯಾರಾದರೂ ಕುಳಿತಿದ್ದರೆ ನಡುವಿಗೆ ಕರೆಯುತ್ತೇನೆ, ಏಕೆಂದರೆ ಮೂತಿ ಆಳಕ್ಕಿಳಿದರೆ ನೀರಿನ ತಡೆ ಮುಂದಕ್ಕೆ ಬಂದು ವೆದರ್ ಹೆಲ್ಮ್ ಏರುತ್ತದೆ. ಆಮೇಲೆ ಟ್ರಾವೆಲರ್, ಅಂಗೈ ಅಗಲದಷ್ಟು ಕೆಳಕ್ಕೆ. ಅದೂ ಸಾಲದಿದ್ದರೆ ಹಾಯಿಯ ಹೊಟ್ಟೆ ಕರಗಿಸಬೇಕು. ಅದರ ವಿಷಯ ಮುಂದೆ ಬರುತ್ತದೆ.

ಕೀಲಿನ ಬದಲು ಮೇಲಕ್ಕೆ ಮಡಚುವ ಹಲಗೆ, ಅಂದರೆ ಸೆಂಟರ್‌ಬೋರ್ಡ್ ಇರುವ ದೋಣಿಯಲ್ಲಿ ಇನ್ನೊಂದು ಕೀಲಿಕೈ ಇದೆ. ಹಲಗೆಯನ್ನು ಸ್ವಲ್ಪ ಮೇಲೆತ್ತಿದರೆ ಅದು ಹಿಂದಕ್ಕೆ ವಾಲಿಕೊಳ್ಳುತ್ತದೆ, ನೀರಿನ ತಡೆಯೂ ಹಿಂದೆ ಹೋಗುತ್ತದೆ, ಟಿಲ್ಲರ್ ಹಗುರಾಗುತ್ತದೆ.

ಗಾಳಿ ಬಲಿತಾಗ

ಹದಿನೈದು ನಾಟ್ ಸಮೀಪಿಸಿದಂತೆ ಹಾಯಿ ಚಪ್ಪಟೆಯಾಗಬೇಕು. ಹೊಟ್ಟೆ ತುಂಬಿದ ಹಾಯಿಯ ಬಲ ಹೆಚ್ಚಾಗಿ ಅಡ್ಡಕ್ಕೇ ವ್ಯಯವಾಗುತ್ತದೆ. ಹಾಯಿಯ ಹಿಂದಣ ಕೆಳಮೂಲೆಯನ್ನು ಬೂಮಿನ ತುದಿಗೆಳೆಯುವ ಔಟ್‌ಹಾಲ್ ಹಗ್ಗ ಎಳೆದರೆ ಬೂಮಿನ ಬಳಿಯ ಹೊಟ್ಟೆ ಕರಗುತ್ತದೆ. ಹಾಯಿ ಏರಿಸುವ ಹ್ಯಾಲಿಯಾರ್ಡ್ ಹಗ್ಗ ಅಥವಾ ಹಾಯಿಯ ಮುಂದಣ ಅಂಚನ್ನು ಕೆಳಕ್ಕೆಳೆಯುವ ಕನ್ನಿಂಗ್‌ಹ್ಯಾಮ್ ಬಿಗಿದರೆ ಗಾಳಿಯ ಒತ್ತಡಕ್ಕೆ ಹಿಂದೆ ಸರಿದಿದ್ದ ಹೊಟ್ಟೆ ಮತ್ತೆ ಮುಂದೆ ಬರುತ್ತದೆ. ಆದರೆ ನಿಮ್ಮ ದೋಣಿಯಲ್ಲಿ ಕೂವೆಮರದ ತುದಿಯನ್ನು ಹಿಂದಿನಿಂದ ಹಿಡಿದಿರುವ ತಂತಿಯಾದ ಬ್ಯಾಕ್‌ಸ್ಟೇ ಬಿಗಿಯುವ ವ್ಯವಸ್ಥೆಯಿದ್ದರೆ ಅದಕ್ಕೇ ಮೊದಲ ಮರ್ಯಾದೆ. ಒಂದು ಎಳೆತಕ್ಕೆ ಮೂರು ಫಲ: ಕೂವೆಮರ ಬಾಗಿ ದೊಡ್ಡ ಹಾಯಿಯ ಮೇಲ್ಭಾಗ ಚಪ್ಪಟೆಯಾಗುತ್ತದೆ, ಅದರ ಹಿಂದಣ ಅಂಚು ತೆರೆದು ಮೇಲಿನ ಗಾಳಿ ಸೋರಿಹೋಗುತ್ತದೆ, ಮುಂದಿನ ಫೋರ್‌ಸ್ಟೇ ತಂತಿ ಬಿಗಿದು ಜಿಬ್ಬಿನ ಜೋಲು ಹೋಗುತ್ತದೆ. ಬ್ಯಾಕ್‌ಸ್ಟೇ ಬಿಗಿದ ಮೇಲೆ ಮೇನ್‌ಶೀಟನ್ನು ಮತ್ತೆ ನೋಡಿ, ಅಂಚು ಬೇಕಿದ್ದಕ್ಕಿಂತ ಹೆಚ್ಚು ತೆರೆದಿರಬಹುದು.

ಇದೆಲ್ಲ ಮಾಡಿದ ಮೇಲೂ ದೋಣಿ 25 ಡಿಗ್ರಿ ವಾಲುತ್ತಿದ್ದರೆ, ಟ್ರಾವೆಲರ್ ಹಳಿಯ ಕೊನೆ ಮುಟ್ಟಿದ್ದರೆ, ರೀಫ್ ಹಾಕಿ ಹಾಯಿ ಚಿಕ್ಕದು ಮಾಡಿ. ರೀಫ್ ಹಾಕಬೇಕೇ ಎಂಬ ಅನುಮಾನ ಬಂದ ಗಳಿಗೆಯೇ ರೀಫ್ ಹಾಕುವ ಗಳಿಗೆ ಎಂದು ಹಳೆಯ ನಾವಿಕರು ಹೇಳುವುದುಂಟು. ನನ್ನ ಅನುಭವದಲ್ಲಿ ಆ ಗಳಿಗೆ ಕಳೆದು ಕಾಲು ಗಂಟೆಯಾದ ಮೇಲೆಯೇ ನಮಗೆ ಬುದ್ಧಿ ಬರುವುದು. ಯಾವ ಹಾಯಿಯನ್ನು ಮೊದಲು ಕುಗ್ಗಿಸಬೇಕು ಎಂಬುದು ದೋಣಿಯ ಮೇಲೆ ಹೋಗುತ್ತದೆ. ಜಿಬ್ ಚಿಕ್ಕದಿದ್ದು ದೊಡ್ಡ ಹಾಯಿಯೇ ಯಜಮಾನನಾಗಿರುವ ದೋಣಿಯಲ್ಲಿ ದೊಡ್ಡದಕ್ಕೇ ಮೊದಲ ರೀಫ್, ಟಿಲ್ಲರ್ ತಕ್ಷಣ ಹಗುರಾಗುತ್ತದೆ. ಕೂವೆಮರದ ಹಿಂದಿನವರೆಗೂ ಚಾಚುವ ದೊಡ್ಡ ಜಿಬ್, ಅಂದರೆ ಜೆನೋವಾ, ಇರುವ ದೋಣಿಯಲ್ಲಿ ಅದನ್ನೇ ಮೊದಲು ಸುತ್ತುವುದು ರೂಢಿ. ಆದರೆ ದೊಡ್ಡ ಹಾಯಿಯನ್ನು ಕುಗ್ಗಿಸದೆ ಪೂರ್ತಿ ಬಿಚ್ಚಿಟ್ಟು ಜಿಬ್ಬನ್ನೇ ಸುತ್ತುತ್ತ ಹೋದರೆ ಬಲದ ಬಿಂದು ಹಿಂದಕ್ಕೆ ಸರಿದು, ನೀವು ತಪ್ಪಿಸಿಕೊಳ್ಳಲು ಹೊರಟ ಭಾರವೇ ಎದುರಿಗೆ ಬಂದು ನಿಲ್ಲುತ್ತದೆ.

ಬೀಸು ಬಂದಾಗಿನ ಐದು ಸೆಕೆಂಡು

ಬೀಸುಗಾಳಿ ಹೇಳದೆ ಕೇಳದೆ ಬರುವುದಿಲ್ಲ. ನೀರಿನ ಮೇಲೆ ಕಪ್ಪು ತೇಪೆಯಂತೆ ಓಡಿಬರುತ್ತದೆ. ಅದು ತಲುಪುವ ಮುನ್ನವೇ ಟ್ರಾವೆಲರಿನ ಹಗ್ಗ ಅದನ್ನು ಸಿಕ್ಕಿಸಿಡುವ ಕ್ಲೀಟಿನಿಂದ ಬಿಡಿಸಿ ಕೈಯಲ್ಲಿರಲಿ. ಬೀಸು ತಾಗುವ ಕ್ಷಣದಲ್ಲಿ ಹಗ್ಗ ಬಿಡಿ. ದೋಣಿ ವಾಲಲು ಶುರುವಾದ ಮೇಲಲ್ಲ, ತಾಗುವ ಕ್ಷಣದಲ್ಲಿ. ಬೀಸಿನಲ್ಲಿ ನಿಮಗೆ ತಾಗುವ ಗಾಳಿ ಕೊಂಚ ಹಿಂದಕ್ಕೆ ಸರಿಯುತ್ತದೆ, ಹಾಗಾಗಿ ಮೂತಿ ಎರಡು ಮೂರು ಡಿಗ್ರಿ ಮೇಲೇರಲು ಜಾಗ ಸಿಗುತ್ತದೆ. ದೋಣಿ ತಾನಾಗಿಯೇ ಏರಲು ನೋಡುತ್ತಿರುತ್ತದೆ, ಬೆರಳು ಸಡಿಲಿಸಿ ಅಷ್ಟನ್ನು ಬಿಟ್ಟುಕೊಡಿ. ಬೀಸು ದಾಟಿದ ಮೇಲೆ ಟ್ರಾವೆಲರನ್ನು ಮೇಲೆ ತಂದು, ಮೂತಿಯನ್ನು ಮೊದಲಿನ ನೇರಕ್ಕೆ ಇಳಿಸಿ.

ಇದನ್ನು ಮಾಡದೆ ಟಿಲ್ಲರನ್ನೇ ಎಳೆದು ಹಿಡಿದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೋಣಿ ವಾಲುತ್ತ ಹೋದಂತೆ ಚುಕ್ಕಾಣಿ ಹಲಗೆಯೂ ನೀರಿನಲ್ಲಿ ಅಡ್ಡ ಮಲಗುತ್ತದೆ, ಅದರ ಮೇಲ್ಭಾಗ ಗಾಳಿ ಹೀರಿಕೊಂಡು ಹಿಡಿತ ಕಳೆದುಕೊಳ್ಳುತ್ತದೆ. ಟಿಲ್ಲರ್ ಗದ್ದಕ್ಕೆ ತಾಗುವಷ್ಟು ಎಳೆದಿದ್ದರೂ ದೋಣಿ ಗಾಳಿಗೆ ತಿರುಗಿ ನಿಂತು ಹಾಯಿಗಳು ಪಟಪಟನೆ ಬಡಿದುಕೊಳ್ಳುತ್ತವೆ. ಆ ಹಂತದಲ್ಲಿ ಇನ್ನಷ್ಟು ಎಳೆಯುವುದು ವ್ಯರ್ಥ. ಟಿಲ್ಲರನ್ನು ನಡುವಿನತ್ತ ಬಿಟ್ಟು, ಮೇನ್‌ಶೀಟನ್ನೇ ಪೂರ್ತಿ ಬಿಡಿ, ವ್ಯಾಂಗ್ ಬಿಗಿದಿದ್ದರೆ ಅದನ್ನೂ ಸಡಿಲಿಸಿ. ದೋಣಿ ನೆಟ್ಟಗಾದ ಮೇಲೆ ಚುಕ್ಕಾಣಿಗೆ ಮತ್ತೆ ಜೀವ ಬರುತ್ತದೆ.

ಮಂದಗಾಳಿಯ ತಲೆನೋವು

ಐದು ನಾಟ್‌ಗಿಂತ ಕಡಿಮೆ ಗಾಳಿಯಲ್ಲಿ ಸಮಸ್ಯೆ ತಿರುಗುಮುರುಗು. ದೋಣಿ ವಾಲುವುದೇ ಇಲ್ಲ, ಟಿಲ್ಲರಿನಲ್ಲಿ ಜೀವವಿಲ್ಲ, ಕೆಲವೊಮ್ಮೆ ಲೀ ಹೆಲ್ಮ್ ಕೂಡ ಕಾಣಿಸಿಕೊಳ್ಳುತ್ತದೆ. ಆಗ ಎಲ್ಲರನ್ನೂ ಕೆಳಬದಿಗೆ ಕೂರಿಸಿ ದೋಣಿಯನ್ನು ಬೇಕೆಂದೇ ಐದಾರು ಡಿಗ್ರಿ ವಾಲಿಸಿ. ಹಾಯಿ ತನ್ನ ಭಾರಕ್ಕೇ ಆಕಾರ ತಳೆಯುತ್ತದೆ, ಟಿಲ್ಲರಿಗೂ ಸಣ್ಣ ಎಳೆತ ಸಿಗುತ್ತದೆ. ಶೀಟುಗಳನ್ನು ಕೊಂಚ ಸಡಿಲಿಸಿ ತಿರುಚು ಬರಗೊಡಿ, ಬ್ಯಾಕ್‌ಸ್ಟೇ ಬಿಡಿ, ಗಾಳಿಗೆ ತೀರ ಹತ್ತಿರ ಹೋಗಲು ಹಟ ಮಾಡಬೇಡಿ. ಮೊದಲು ವೇಗ ಬರಲಿ, ಕೀಲು ಹಿಡಿತ ಕಂಡುಕೊಳ್ಳುವುದು ವೇಗದಿಂದಲೇ.

ಬಲವಾದ ಗಾಳಿಯಲ್ಲಿ ಲೀ ಹೆಲ್ಮ್ ಕಂಡರೆ ಮಾತ್ರ ಅದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ದೊಡ್ಡ ಹಾಯಿಗೆ ಎರಡು ರೀಫ್ ಹಾಕಿ ಜೆನೋವಾ ಪೂರ್ತಿ ಬಿಚ್ಚಿಟ್ಟಾಗ ಹೀಗಾಗುವುದುಂಟು. ಟಿಲ್ಲರ್ ಕೈ ತಪ್ಪಿದರೆ ವೆದರ್ ಹೆಲ್ಮ್ ಇರುವ ದೋಣಿ ಗಾಳಿಗೆ ತಿರುಗಿ ತಾನೇ ನಿಲ್ಲುತ್ತದೆ. ಲೀ ಹೆಲ್ಮ್ ಇರುವ ದೋಣಿ ಕೆಳಕ್ಕೆ ಹೊರಳಿ ವೇಗ ಹೆಚ್ಚಿಸಿಕೊಂಡು ಓಡುತ್ತದೆ, ಕೊನೆಗೆ ಬೂಮ್ ತಲೆಯ ಮೇಲೆ ಅತ್ತಿಂದಿತ್ತ ಬೀಸಬಹುದು. ಜಿಬ್ಬನ್ನು ಸುತ್ತಿ ಚಿಕ್ಕದು ಮಾಡಿ.

ಅಲೆಗಳಿದ್ದರೆ

ಅಲೆಯಿರುವ ನೀರಿನಲ್ಲಿ ಹಾಯಿಯ ಹೊಟ್ಟೆ ಸಪಾಟು ನೀರಿನಲ್ಲಿದ್ದದ್ದಕ್ಕಿಂತ ಸ್ವಲ್ಪ ಹೆಚ್ಚಿರಲಿ, ಬಡಿತಕ್ಕೆ ನಿಂತ ದೋಣಿಯನ್ನು ಮತ್ತೆ ಎಬ್ಬಿಸಲು ಬಲ ಬೇಕು. ಮೂತಿಯನ್ನೂ ಎರಡು ಮೂರು ಡಿಗ್ರಿ ಕೆಳಗಿಟ್ಟುಕೊಳ್ಳಿ. ಅಲೆಯ ಮುಖ ಹತ್ತುವಾಗ ಸ್ವಲ್ಪ ಮೇಲೆ, ನೆತ್ತಿ ದಾಟಿದೊಡನೆ ಸ್ವಲ್ಪ ಕೆಳಗೆ, ಇಷ್ಟೇ ಚುಕ್ಕಾಣಿ. ಪ್ರತಿ ಸಣ್ಣ ಅಲೆಗೂ ಟಿಲ್ಲರ್ ಆಡಿಸುವವರು ದೋಣಿಗೆ ಬ್ರೇಕ್ ಹಾಕುತ್ತಿರುತ್ತಾರೆ.

ಏನು ಮಾಡಿದರೂ ಭಾರವೇ ಆಗಿದ್ದರೆ

ಹತ್ತು ನಾಟ್ ಗಾಳಿ, ಹದಿನೈದು ಡಿಗ್ರಿ ವಾಲು, ಹಾಯಿಗಳೆರಡೂ ಹದವಾಗಿ ಕೂತಿವೆ, ಆದರೂ ಟಿಲ್ಲರ್ ಹತ್ತರ ಗುರುತಿನ ಮೇಲೆಯೇ ಇದೆ ಎಂದಾದರೆ ಆಗ ದೋಣಿಯನ್ನು ಅನುಮಾನಿಸಬಹುದು. ಮೊದಲು ಹಾಯಿಯ ವಯಸ್ಸು ನೋಡಿ. ಹಳೆಯ ಬಟ್ಟೆ ಹಿಗ್ಗಿ, ಹೊಟ್ಟೆ ಹಿಂದಣ ಅಂಚಿನತ್ತ ಜಾರಿರುತ್ತದೆ. ಅದನ್ನು ಯಾವ ಹಗ್ಗವೂ ಪೂರ್ತಿ ಮುಂದೆ ತರಲಾರದು. ಅನಂತರ ಕೂವೆಮರದ ಓರೆ. ಮರದ ತುದಿ ಹಿಂದಕ್ಕೆ ವಾಲಿದಷ್ಟೂ ಹಾಯಿಗಳ ಬಲವೂ ಹಿಂದೆ ಹೋಗುತ್ತದೆ. ಗಾಳಿಯಿಲ್ಲದ ದಿನ ಕಟ್ಟೆಯಲ್ಲಿ ಮೇನ್ ಹ್ಯಾಲಿಯಾರ್ಡಿಗೆ ಒಂದು ಭಾರ ಕಟ್ಟಿ ತೂಗುಬಿಟ್ಟು, ಅದು ಬೂಮಿನ ಎತ್ತರದಲ್ಲಿ ಮರದಿಂದ ಎಷ್ಟು ಹಿಂದಿದೆ ಎಂದು ಅಳೆದು ಬರೆದಿಟ್ಟುಕೊಳ್ಳಿ. ಫೋರ್‌ಸ್ಟೇಯನ್ನು ಸ್ವಲ್ಪ ಗಿಡ್ಡ ಮಾಡಿ, ಬ್ಯಾಕ್‌ಸ್ಟೇಯನ್ನು ಅಷ್ಟೇ ಸಡಿಲಿಸಿ, ಮತ್ತೆ ಅಳೆಯಿರಿ. ಒಂದೆರಡು ಸೆಂಟಿಮೀಟರ್ ಬದಲಾದರೆ ಮೊದಲ ಸಲಕ್ಕೆ ಧಾರಾಳವಾಯಿತು. ನೀರಿಗಿಳಿದು, ಅದೇ ಗಾಳಿಯಲ್ಲಿ, ಅದೇ ಟೇಪಿನ ಗುರುತು ನೋಡಿ, ಆಮೇಲೆ ಸ್ಪ್ಯಾನರ್ ಮತ್ತೆ ಕೈಗೆತ್ತಿಕೊಳ್ಳಿ.